ಓಣಿಗೆ ಹಂಚಿದ ಗಿಣ್ಣ

ಹೊಟ್ಟೆಗೆ ಹೋದ ಪ್ರೋಟೀನು ಜೀರ್ಣವಾಗಿ ಹೋಗುತ್ತದೆ ಎಂದು ಗುರುಶಾಂತ ಬೆಳಿಗ್ಗೆಯಿಂದ ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಹಲ್ಲುಜ್ಜುವಾಗ ಹೇಳಿಕೊಂಡ, ಸ್ಕೂಟರು ಹೊರಗೆ ತೆಗೆಯುವಾಗ ಹೇಳಿಕೊಂಡ, ಬಾಗಳಿ ರಸ್ತೆಯಲ್ಲಿ ಮೆಕ್ಕೆಜೋಳದ ಲಾರಿಯ ಹಿಂದೆ ಧೂಳು ಕುಡಿಯುತ್ತ ಹೋಗುವಾಗಲೂ ಹೇಳಿಕೊಂಡ. ಬೇಳೆ ತಿಂದವನ ರಕ್ತದಲ್ಲಿ ಬೇಳೆ ಹರಿಯುತ್ತದೆಯೇ? ಇಲ್ಲವಲ್ಲ. ಇದೂ ಹಾಗೇ. ಪಶುವೈದ್ಯ ಓದಿ, ಮೇಲೆ ಇನ್ನೊಂದು ಡಿಗ್ರಿ ಮಾಡಿಕೊಂಡು ಬಂದವನಿಗೆ ಇಷ್ಟು ತಿಳಿಯದೇನೂ ಇಲ್ಲ. ಆದರೆ ತಿಳಿದಿರುವ ಮಾತನ್ನೇ ಇಷ್ಟು ಸಲ ಹೇಳಿಕೊಳ್ಳಬೇಕಾಗಿ ಬಂದಿತಲ್ಲ ಎಂದು ಅವನಿಗೆ ತನ್ನ ಮೇಲೇ ಸಿಟ್ಟು ಬರುತ್ತಿತ್ತು. ಬೆಳಿಗ್ಗೆ ಚಹಾ ಕೊಡುತ್ತ ಅವ್ವ, ದಾಕ್ಷಾಯಣಮ್ಮ, ಎದುರು ಮನೆಯ ಸುದ್ದಿ ಹೇಳಿದ್ದಳು. ಮಕ್ತುಂ ಸಾಬರ ಮಗಳು ಮೆಹರೀನ, ಹೆರಿಗೆಗೆಂದು ತವರಿಗೆ ಬಂದವಳು, ಎಂಟು ತಿಂಗಳ ಬಸುರಿ, ನಸುಕಿನಲ್ಲಿ ಏಳುವಷ್ಟರಲ್ಲಿ ರಕ್ತ ಹೋಗತೊಡಗಿತ್ತಂತೆ. ಬಸ್ ಸ್ಟ್ಯಾಂಡಿನ ಹಿಂದಿನ ಆಸ್ಪತ್ರೆಗೆ ಒಯ್ದಿದ್ದಾರಂತೆ. ನಿಲ್ಲುತ್ತಲೇ ಇಲ್ಲವಂತೆ. ಲೋಟ ತುಟಿಯ ಹತ್ತಿರ ಹೋದದ್ದು ಅಲ್ಲೇ ನಿಂತಿತು. ಮಗನ ಮನಸ್ಸು ಮೊದಲಿನಿಂದಲೂ ಮೆತ್ತಗೆ ಎಂದುಕೊಂಡಳೋ ಏನೋ, ಏನೂ ಆಗುವುದಿಲ್ಲ ಬಿಡು, ದೇವರಿದ್ದಾನೆ ಎಂದು ಅವ್ವ ಅವನಿಗೇ ಸಮಾಧಾನ ಹೇಳಿ ಒಳಗೆ ಹೋದಳು.

ಮೊನ್ನೆ ಸಂಜೆ ಮೆಹರೀನ ಇವರ ಮನೆಯ ಕಟ್ಟೆಯ ಮೇಲೆ ಕುಳಿತು ಗಿಣ್ಣ ತಿಂದಿದ್ದಳು. ಈದ ಆಕಳ ಮೊದಲ ಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಅವ್ವ ಹಬೆಯಲ್ಲಿ ಬೇಯಿಸಿದ್ದಳು. ತಟ್ಟೆಯಲ್ಲಿ ಅದು ಹೊಂಬಣ್ಣಕ್ಕೆ ತಿರುಗಿ ಕೂತಿತ್ತು. ಬಸುರಿಗೆ ಬಯಕೆ ಉಳಿಯಬಾರದೆಂದು ಅವ್ವ ಎರಡನೆಯ ಸಲವೂ ದೊಡ್ಡ ತುಂಡು ಹಾಕಿದಳು. ಸಾಕು ದೊಡ್ಡಮ್ಮ ಅಂದರೂ ಬಿಡದೆ ಕೊನೆಯದನ್ನು ತಾನೇ ಅವಳ ಬಾಯಿಗಿಟ್ಟಳು. ಗುರುಶಾಂತ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಬೇಡ ಅನ್ನಬಹುದಿತ್ತು. ಏನೆಂದು ಕಾರಣ ಕೊಡುವುದು? ಆ ಹಾಲು ಅವನು ಕೆಲಸ ಮಾಡುವ ಸಂಶೋಧನಾ ಫಾರಮ್ಮಿನದು. ಅಲ್ಲಿಯ ಆಕಳುಗಳಿಗೆ ಅವು ಇನ್ನೂ ಭ್ರೂಣವಾಗಿದ್ದಾಗಲೇ ಮನುಷ್ಯರ ಒಂದು ಜೀನನ್ನು ಸೇರಿಸಿದ್ದರು. ಬೆಳೆದು ಈದ ಮೇಲೆ ಅವುಗಳ ಹಾಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧ ಇರುತ್ತಿತ್ತು. ಅದನ್ನು ಹಾಲಿನಿಂದ ಬೇರ್ಪಡಿಸಿ, ಶುದ್ಧ ಮಾಡಿ, ರೋಗಿಗಳಿಗೆ ಸೂಜಿಯಲ್ಲಿ ಕೊಡುವ ಕಾಲ ಇನ್ನೂ ದೂರವಿತ್ತು. ಅಲ್ಲಿಯ ತನಕ ಒಂದು ಹನಿಯೂ ಗೇಟು ದಾಟಕೂಡದು, ಮನುಷ್ಯರಿರಲಿ, ನಾಯಿಯೂ ನೆಕ್ಕಕೂಡದು. ಕೊಟ್ಟಿಗೆಯ ಆಳುಗಳನ್ನು ಸಾಲಾಗಿ ನಿಲ್ಲಿಸಿ ಈ ನಿಯಮವನ್ನು ಗದರಿ ಹೇಳುವ ಕೆಲಸ ಗುರುಶಾಂತನದೇ ಆಗಿತ್ತು. ಗದರುವಾಗ ಅವನ ದನಿ ಸ್ವಲ್ಪ ಏರುತ್ತಿತ್ತು, ಅದು ಅವನಿಗೆ ಹಿಡಿಸುತ್ತಲೂ ಇತ್ತು.

ಎಲ್ಲ ಆ ಪಾಲಾಕ್ಷಪ್ಪನ ಹೆಂಡತಿಯಿಂದ ಆದದ್ದು ಎಂದು ಅವನು ಈಗ ಅಂದುಕೊಂಡ. ಅಂದುಕೊಂಡ ಕೂಡಲೇ ಅದು ಸುಳ್ಳೆಂದು ಗೊತ್ತಾಯಿತು. ಓಣಿಯಲ್ಲಿ ಯಾರ ಎಮ್ಮೆ ಈದರೂ, ಯಾರ ಆಕಳು ಈದರೂ ಗಿಣ್ಣ ಮನೆಮನೆಗೆ ಹೋಗಬೇಕು. ಇಷ್ಟು ವರ್ಷ ಅವ್ವ ಎಲ್ಲರ ಗಿಣ್ಣವನ್ನೂ ತಿಂದಿದ್ದಳು. ಅಪ್ಪ ಸತ್ತು ದನ ಮಾರಿದ ಮೇಲೆ ತಿರುಗಿ ಕೊಡಲು ಅವಳ ಹತ್ತಿರ ಏನೂ ಇರಲಿಲ್ಲ. ಪಾಲಾಕ್ಷಪ್ಪನ ಹೆಂಡತಿ ನಗುತ್ತಲೇ, ನಿಮ್ಮ ಮಗನ ಕೈಯಾಗ ನಲವತ್ತು ಆಕಳ ಅದಾವಂತ, ಒಂದರ ಗಿಣ್ಣನಾದರೂ ನಮ್ಮ ಬಾಯಿಗೆ ಬೀಳಬಾರದೇನು ಎಂದಿದ್ದಳು. ಅವ್ವ ಮನೆಗೆ ಬಂದು, ಅದನ್ನು ಮಗನಿಗೂ ಹೇಳದೆ, ಅಕ್ಕಿ ಆರಿಸುತ್ತ ಕೂತಳು. ಅವನಿಗೆ ಅದು ಹೇಗೋ ಗೊತ್ತಾಯಿತು. ಗೊತ್ತಾದ ಮೇಲೆ, ಆಕಳು ಈದ ಬೆಳಿಗ್ಗೆ, ದಪ್ಪಗೆ ಹಳದಿಯಾಗಿ ಇಳಿಯುತ್ತಿದ್ದ ಹಾಲನ್ನು ಸುಣ್ಣದ ಗುಂಡಿಗೆ ಸುರಿಯುವುದನ್ನು ನೋಡಲಾಗಲಿಲ್ಲ. ಕರುವಿಗೂ ಆ ಹಾಲು ಇಲ್ಲ, ಅದಕ್ಕೆ ಬೇರೆ ಕೊಟ್ಟಿಗೆಯ ಹಾಲು. ಯಾರಿಗೂ ಬೇಡದ ಹಾಲು. ಅವನು ಸ್ಟೀಲ್ ಡಬ್ಬಿಯನ್ನು ಹಿಡಿದ. ಹಾಲು ಕರೆಯುತ್ತಿದ್ದ ಬೆನಕಪ್ಪ ತಲೆಯೆತ್ತಿ ಸಾಹೇಬರ ಕೈಯಲ್ಲಿದ್ದ ಡಬ್ಬಿ ನೋಡಿ, ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡ. ಥೂ, ಆ ಕ್ಷಣ ಎಂಥ ನಾಚಿಕೆಯಾಗಿತ್ತು. ಆದರೂ ಡಬ್ಬಿ ಮುಚ್ಚಿದ, ಬ್ಯಾಗಿನಲ್ಲಿ ಇಟ್ಟ, ಮನೆಗೆ ತಂದ. ನಮ್ಮ ಫಾರಮ್ಮಿನದವ್ವ ಎಂದ. ಹಾಗೆಂದಾಗ ಅವ್ವನ ಮುಖ ಅರಳಿದಷ್ಟು ಅವನಿಗೆ ಕೆಲಸ ಸಿಕ್ಕ ದಿನವೂ ಅರಳಿರಲಿಲ್ಲ.

ಓಣಿಯ ಎಲ್ಲ ಮನೆಗಳಿಗೂ ಹೋಯಿತು. ಗುರುಶಾಂತನೂ ತಿಂದ. ತಾನು ತಿಂದರೆ ತಪ್ಪು ಸ್ವಲ್ಪ ಕಡಿಮೆಯಾದೀತು ಎಂಬ ಹುಚ್ಚು ಲೆಕ್ಕದಿಂದಲೋ, ಇಲ್ಲ ರುಚಿಗೋ, ಎರಡು ತುಂಡು ತಿಂದ. ಗಿಣ್ಣ ಗಟ್ಟಿಯಾಗುವುದೇ ಪ್ರೋಟೀನು ಬೆಂದು ಕೆಡುವುದರಿಂದ, ಆದ್ದರಿಂದ ಅದರಲ್ಲಿ ಔಷಧ ಅಂತ ಏನೂ ಉಳಿದಿರುವುದಿಲ್ಲ ಎಂದು ಆಗಲೂ ಅಂದುಕೊಂಡಿದ್ದ. ಈಗ ಫಾರಮ್ಮಿನ ಕೊಟ್ಟಿಗೆಯಲ್ಲಿ ಅದೇ ಆಕಳ ಮುಂದೆ ನಿಂತಾಗ ಇನ್ನೊಂದು ಮಾತು ತಲೆಯೊಳಗೆ ಬಂದು ಕೂತಿತು. ಮೊದಲ ಹಾಲಿನಲ್ಲಿ ಜೀರ್ಣವನ್ನೇ ತಡೆಯುವ ಗುಣವೂ ಇರುತ್ತದೆ, ಇಲ್ಲದಿದ್ದರೆ ತಾಯಿಯಿಂದ ಬರುವ ರಕ್ಷಣೆ ಕರುವಿನ ಹೊಟ್ಟೆಯಲ್ಲಿ ಕರಗಿ ಹೋಗುತ್ತಿತ್ತು. ಇದನ್ನು ಅವನೇ ಕಾಲೇಜಿನಲ್ಲಿ ಪರೀಕ್ಷೆಗೆ ಬರೆದು ಒಳ್ಳೆಯ ಅಂಕ ತೆಗೆದಿದ್ದ. ಮತ್ತೆ ಅವ್ವ ಸರಿಯಾಗಿ ಬೇಯಿಸಿದ್ದಳೋ ಇಲ್ಲವೋ. ನಡುವೆ ಸ್ವಲ್ಪ ಮೆತ್ತಗಿತ್ತಲ್ಲ. ನಡುವಿನ ತುಂಡನ್ನೇ ಅಲ್ಲವೇ ಅವಳಿಗೆ ಕೊಟ್ಟದ್ದು, ಒಳ್ಳೆಯದು ಅಂತ ಆರಿಸಿ. ಆಕಳು ಮೇವು ತಿನ್ನುತ್ತ ಅವನ ಅಂಗಿಯ ತೋಳನ್ನು ಮೂಸಿತು. ಅದರ ಕಣ್ಣಿನಲ್ಲಿ ವಿಶೇಷವೇನೂ ಇರಲಿಲ್ಲ. ಎಲ್ಲ ಆಕಳುಗಳ ಹಾಗೆ ಅದೂ ಒಂದು ಆಕಳು, ಸೊಂಟದ ಹತ್ತಿರ ಒಂದು ಉಣ್ಣೆಹುಳ ಹತ್ತಿಕೊಂಡಿತ್ತು. ಅವನು ಅದನ್ನು ಕಿತ್ತು ಬಿಸಾಡಿದ. ಬೆನಕಪ್ಪ ಆಚೆ ಸಗಣಿ ಬಾಚುತ್ತ, ಮನ್ಯಾಗ ಎಲ್ಲಾರೂ ಆರಾಮ ಅದಾರೇನ್ರಿ ಸಾರ್ ಎಂದು ಕೇಳಿದ. ದಿನವೂ ಕೇಳುವ ಮಾತೇ. ಇವತ್ತು ಬೇಕೆಂದೇ ಕೇಳಿದನೆಂದು ಅನ್ನಿಸಿ ಗುರುಶಾಂತ ಅವನ ಕಡೆ ತಿರುಗಲಿಲ್ಲ.

ಫೋನು ಬಂದಾಗ ಅವನು ಅಲ್ಲೇ ನಿಂತಿದ್ದ. ಮೆಹರೀನಳ ಅಣ್ಣ ರಫೀಕ್. ಊರಲ್ಲಿ ಗ್ಯಾರೇಜು ಇಟ್ಟವನು, ಗುರುಶಾಂತನ ಜೊತೆಗೇ ಆಡಿ ಬೆಳೆದವನು, ಇವನು ಡಾಕ್ಟರಾದ ದಿನದಿಂದ ಬಹುವಚನಕ್ಕೆ ತಿರುಗಿದವನು. ಎಷ್ಟು ಹೇಳಿದರೂ ಬಿಟ್ಟಿರಲಿಲ್ಲ.

"ಗುರಣ್ಣ, ನಿಮ್ದು ಓ ನೆಗೆಟಿವ್ ಅಲ್ಲೇನ್ರಿ? ತಂಗಿದೂ ಅದೇ ಐತಿ. ಇಲ್ಲಿ ಒಂದೇ ಬಾಟ್ಲಿ ಇತ್ತಂತ, ಹಾಕ್ಯಾರ. ದಾವಣಗೆರಿಯಿಂದ ಬರಾಕ ಹೊತ್ತಾಗತೈತಂತ. ಬರ್ತೀರೇನ್ರಿ?"

ಬಂದೆ ಎಂದ. ಬೇರೆ ಏನೂ ಹೇಳಲು ಬರುತ್ತಿರಲಿಲ್ಲ. ಸ್ಕೂಟರನ್ನು ಗೇಟು ದಾಟಿಸಿ ಅರ್ಧ ದಾರಿ ಬಂದ ಮೇಲೆ ಮಾತಿನ ಅರ್ಥ ಹೊಟ್ಟೆಯೊಳಗೆ ಇಳಿಯಿತು. ಅದೇ ಗಿಣ್ಣ ತಾನೂ ತಿಂದಿದ್ದೇನೆ. ಅದು ಮೆಹರೀನಳ ರಕ್ತವನ್ನು ತೆಳ್ಳಗೆ ಮಾಡಿದ್ದರೆ ತನ್ನದನ್ನೂ ಮಾಡಿದೆ, ಆ ರಕ್ತವನ್ನೇ ಅವಳಿಗೆ ಕೊಡುವುದೆಂದರೆ ಬೆಂಕಿಗೆ ಸೀಮೆಎಣ್ಣೆ ಹಾಕಿದ ಹಾಗೆ. ಮಾಡಿಲ್ಲವಾದರೆ ಅವಳಿಗೂ ಏನೂ ಮಾಡಿಲ್ಲ, ತಾನು ಧೈರ್ಯವಾಗಿ ಕೈ ಚಾಚಬಹುದು. ಎರಡರಲ್ಲಿ ಒಂದು. ಬೆಳಿಗ್ಗೆಯಿಂದ ಜೀರ್ಣವಾಗುತ್ತದೆ ಜೀರ್ಣವಾಗುತ್ತದೆ ಎಂದು ಗಿಳಿಯ ಹಾಗೆ ಒದರುತ್ತಿದ್ದೆಯಲ್ಲ, ಈಗ ನಂಬು ನೋಡೋಣ ಎಂದು ಯಾರೋ ಸವಾಲು ಹಾಕಿದಂತಿತ್ತು. ಇಲ್ಲವೆ ಡಾಕ್ಟರಿಗೆ ಎಲ್ಲವನ್ನೂ ಹೇಳಿಬಿಡುವುದು. ಹೇಳಿದರೆ ಕೆಲಸ ಹೋಗುತ್ತದೆ, ಹೋಗಲಿ. ಆದರೆ ಓಣಿ? ಮಕ್ತುಂ ಸಾಬರು? ಮನುಷ್ಯರ ಜೀನು ಸೇರಿಸಿದ ಆಕಳ ಹಾಲನ್ನು ಮನೆಮನೆಗೆ ತಿನ್ನಿಸಿದವನು ಎಂದು ಮಕ್ಕಳು ಕೂಡ ಬೊಟ್ಟು ಮಾಡಿ ತೋರಿಸುವುದು. ಅವ್ವ ಅದೇ ಓಣಿಯಲ್ಲಿ ನೀರು ತುಂಬಿಕೊಳ್ಳಲು ಹೊರಗೆ ಬರಬೇಕಲ್ಲ. ತಾಲೂಕು ಕಚೇರಿಯ ಹತ್ತಿರ ಹಮಾಲರು ಚೀಲ ಇಳಿಸುತ್ತಿದ್ದರು, ಸ್ಕೂಟರು ನಿಂತಿತು. ಹಾರನ್ ಹೊಡೆಯಬೇಕು ಎಂದೂ ಅವನಿಗೆ ಹೊಳೆಯಲಿಲ್ಲ. ತಡವಾಗುವುದು ಅವನಿಗೆ ಬೇಕಾಗಿತ್ತು, ಅದಕ್ಕಿಂತ ಹೇಸಿಗೆಯ ವಿಷಯ ಬೇರೊಂದಿರಲಿಲ್ಲ.

ಆಸ್ಪತ್ರೆಯ ಹೊರಸಾಲೆಯಲ್ಲಿ ಮೆಹರೀನಳ ತಾಯಿ ಬಾನು ಬೀ ಬೆಂಚಿನ ಮೇಲೆ ಕೂತಿದ್ದಳು. ಇವನನ್ನು ಕಂಡು ಎದ್ದು ನಿಂತು, ಸೆರಗಿನ ತುದಿಯಿಂದ ಮೂಗು ಒರೆಸಿಕೊಂಡು, ಬಂದ್ಯಾ ಗುರು, ನೀನು ಬಂದ್ಯಲ್ಲ, ಇನ್ನ ನನಗ ಹೆದರಿಕಿಲ್ಲ ಎಂದಳು. ಒಳಗೆ ಎಲ್ಲಿಂದಲೋ ಮೆಹರೀನ ನರಳಿದ್ದು ಕೇಳಿಸಿತೋ, ಕೇಳಿಸಿದಂತಾಯಿತೋ. ಅವಳು ಚಿಕ್ಕವಳಿದ್ದಾಗ ಇವರ ಮನೆಯ ಹಿತ್ತಿಲಲ್ಲಿ ಬಿದ್ದು ಮೊಣಕಾಲು ಒಡೆದುಕೊಂಡಿದ್ದಳು. ಅವ್ವ ಕಾಫಿಪುಡಿ ಒತ್ತಿ ಹಿಡಿದ ಕೂಡಲೇ ರಕ್ತ ನಿಂತಿತ್ತು. ಎಷ್ಟು ಬೇಗ ನಿಂತಿತ್ತು ಆಗ. ರಫೀಕ್ ಅವನನ್ನು ಹೆಚ್ಚುಕಡಿಮೆ ಎಳೆದುಕೊಂಡೇ ರಕ್ತ ತೆಗೆಯುವ ಕೋಣೆಗೆ ಕರೆದೊಯ್ದ. ಸಿಸ್ಟರು ಬೆರಳಿಗೆ ಚುಚ್ಚಿ ನೋಡಿದಳು, ಬಿ.ಪಿ. ನೋಡಿದಳು, ಜ್ವರ ನೋಡಿದಳು, ಎಲ್ಲ ಚಲೋ ಐತ್ರಿ ಸಾರ್ ಎಂದು ಹೊಗಳುವಂತೆ ಹೇಳಿದಳು. ಮಂಚದ ಮೇಲೆ ಮಲಗಿದ. ಇತ್ತೀಚೆಗೆ ಗುಳಿಗೆ, ಔಷಧ ಏನಾದರೂ ತೆಗೆದುಕೊಂಡಿದ್ದೀರಾ ಎಂದು ಅವಳು ರಬ್ಬರು ಕಟ್ಟುತ್ತ ಕೇಳಿದಳು. ಎಲ್ಲರಿಗೂ ಕೇಳುವ ಪ್ರಶ್ನೆ, ಅವನ ಮುಖವನ್ನು ನೋಡಿಯೂ ಇರಲಿಲ್ಲ. ಇಲ್ಲ ಎಂದ. ಹತ್ತಿ ತಣ್ಣಗೆ ತೋಳಿಗೆ ತಾಗಿತು. ಆಗ ಅವನು ಎದ್ದು ಕೂತ.

"ತಡೀರಿ. ಇವತ್ತು ಬ್ಯಾಡ."

ಸಿಸ್ಟರು ಸೂಜಿ ಹಿಡಿದುಕೊಂಡೇ ಹಿಂದೆ ಸರಿದಳು. ಬಾಗಿಲಲ್ಲಿದ್ದ ರಫೀಕ್ ಒಂದು ಹೆಜ್ಜೆ ಒಳಗೆ ಬಂದ. ಮೈ ಹುಷಾರಿಲ್ಲವೇ ಎಂದು ಕೇಳಲು ಬಾಯಿ ತೆರೆದವನು, ಎಲ್ಲ ಚಲೋ ಐತಿ ಎಂದು ಆಗಷ್ಟೇ ಕೇಳಿಸಿಕೊಂಡದ್ದು ನೆನಪಾಗಿ ಸುಮ್ಮನಾದ. ಗುರುಶಾಂತ ರಬ್ಬರು ಬಿಚ್ಚಿಕೊಳ್ಳುತ್ತಿದ್ದ, ಅದು ತೋಳಿನ ಕೂದಲು ಹಿಡಿದು ಎಳೆಯುತ್ತಿತ್ತು. ರಫೀಕ್ ಅವನನ್ನೇ ನೋಡಿದ. ಆಮೇಲೆ ನೋಡುವುದನ್ನು ಬಿಟ್ಟು ಗೋಡೆಯ ಕಡೆ ತಿರುಗಿ, ಸಣ್ಣ ದನಿಯಲ್ಲಿ, ಚುಚ್ಚುವ ದನಿಯಲ್ಲಲ್ಲ, ಇವನಿಗೆ ಹೊರಗೆ ಹೋಗಲು ಒಂದು ದಾರಿ ಮಾಡಿಕೊಡುವ ದನಿಯಲ್ಲಿ ಕೇಳಿದ.

"ಮನ್ಯಾಗ ಬ್ಯಾಡ ಅಂದಾರೇನ್ರಿ?"

"ಹೂಂ" ಎಂದ ಗುರುಶಾಂತ.

ಎಷ್ಟು ಸುಲಭವಾಗಿ ಬಂದಿತು ಆ ಹೂಂ. ತುಟಿಯನ್ನೂ ತೆರೆಯಬೇಕಾಗಲಿಲ್ಲ. ತಮ್ಮವರ ರಕ್ತ ಸಾಬರ ಮನೆಗೆ ಹೋಗಬಾರದು ಎಂದು ದಾಕ್ಷಾಯಣಮ್ಮ ಹೇಳಿದ್ದಾಳೆ, ಇವನು ಪಾಪ, ತಾಯಿಯ ಮಾತು ಮೀರಲಾರದವನು. ಇಷ್ಟೆಲ್ಲ ಆ ಒಂದು ಹೂಂನಲ್ಲಿ ಇತ್ತು. ರಫೀಕ್ ಅದನ್ನು ನಂಬಿದ್ದ. ಅದನ್ನೇ ಗುರುಶಾಂತನಿಗೆ ತಡೆದುಕೊಳ್ಳಲಾಗಲಿಲ್ಲ, ಮೂವತ್ತು ವರ್ಷ ಎದುರುಬದುರು ಬಾಳಿದವನು ಅದನ್ನು ಅಷ್ಟು ಬೇಗ ಹೇಗೆ ನಂಬಿದ? ಅಂದರೆ ಮೊದಲಿನಿಂದಲೂ ಅವನ ಮನಸ್ಸಿನ ಮೂಲೆಯಲ್ಲಿ ಅದಕ್ಕೊಂದು ಜಾಗ ಇತ್ತೇ? ಎಲಾ ಎಂದು ರಫೀಕನ ಮೇಲೆ ಸಿಟ್ಟು ಮಾಡಿಕೊಳ್ಳಲೂ ನೋಡಿದ. ಆದರೆ ಒಳಗಿನಿಂದ ನಿರಾಳವಾದದ್ದು ಸುಳ್ಳಲ್ಲ. ಜಾತಿ ನೋಡುವವನೆಂದು ತಿಳಿದರೆ ಜನ ನಾಲ್ಕು ದಿನ ಮಾತಾಡಿಕೊಂಡು ಬಿಡುತ್ತಾರೆ, ಊರಲ್ಲಿ ಅಂಥವರು ಬೇಕಾದಷ್ಟಿದ್ದಾರೆ. ಬಸುರಿಗೆ ಔಷಧದ ಹಾಲು ತಿನ್ನಿಸಿದವನು ಅವನೊಬ್ಬನೇ. ಅವ್ವನ ಹೆಗಲಿಗೆ ತನ್ನ ಹೊರೆಯನ್ನು ದಾಟಿಸಿದ್ದೇನೆ ಎಂಬುದೂ ಹೊಳೆಯಿತು, ಹೊಳೆದದ್ದನ್ನು ಪಕ್ಕಕ್ಕಿಟ್ಟ. ರಫೀಕ್ ಫೋನು ತೆಗೆದು ಯಾರು ಯಾರಿಗೋ ಕರೆ ಮಾಡತೊಡಗಿದ. ಕೊಟ್ಟೂರಿನಲ್ಲಿ ಒಬ್ಬನಿದ್ದಾನೆ, ಹಡಗಲಿಯಲ್ಲಿ ಇನ್ನೊಬ್ಬನಿದ್ದಾನೆ, ಯಾರೂ ಬೇಗ ಬರುವ ಹಾಗಿರಲಿಲ್ಲ. ಗುರುಶಾಂತ ಹೊರಗೂ ಹೋಗದೆ, ಮಂಚದ ಮೇಲೂ ಕೂರದೆ ಕಿಟಕಿಯ ಹತ್ತಿರ ನಿಂತ. ಹೊತ್ತು ಹೋಗುತ್ತಿತ್ತು. ಒಮ್ಮೆ ಬಾಯಿ ಬಿಟ್ಟರೆ ಮುಗಿಯುತ್ತದೆ ಎಂದು ಗೊತ್ತಿದ್ದೂ, ಬಿಟ್ಟೇನು, ಈಗ ಬಿಟ್ಟೇನು ಎಂದುಕೊಳ್ಳುತ್ತ ನಿಂತೇ ಇದ್ದ.

ಅವ್ವ ಬಂದದ್ದು ಆಗ. ನಡೆದೇ ಬಂದಿರಬೇಕು, ಹಣೆಯ ವಿಭೂತಿ ಬೆವರಿಗೆ ಕರಗಿತ್ತು, ಕೈಯಲ್ಲಿ ಗಂಜಿಯ ಫ್ಲಾಸ್ಕು. ಹೊರಗೆ ಬಾನು ಬೀ ರಕ್ತದ ಸಂಗತಿ ಹೇಳಿದ್ದಳಂತೆ. ಬಂದವಳೇ ಫ್ಲಾಸ್ಕನ್ನು ಮಗನ ಕೈಗೆ ಕೊಟ್ಟು, ಇವನಿಗೆ ಆ ರಕ್ತದ ಗುಂಪು ಬಂದದ್ದೇ ತನ್ನಿಂದ, ತನ್ನದನ್ನೂ ತೆಗೆಯಿರಿ, ಅರವತ್ತರ ತನಕ ಕೊಡಬಹುದಂತೆ, ತನಗಿನ್ನೂ ಎರಡು ವರ್ಷ ಇದೆ ಎಂದು ಸಿಸ್ಟರಿಗೆ ಹೇಳುತ್ತ ಕುಪ್ಪಸದ ತೋಳು ಮೇಲೆ ಸರಿಸಿಕೊಳ್ಳತೊಡಗಿದಳು. ರಫೀಕ್ ಫೋನನ್ನು ಕಿವಿಯಿಂದ ಇಳಿಸಿದ. ಅವನ ಮುಖ ನೋಡಲಾಗುವಂತಿರಲಿಲ್ಲ.

"ಬ್ಯಾಡ ಬಿಡ್ರಿ ದೊಡ್ಡಮ್ಮ. ನಿಮ್ಮ ಮನ್ಯಾಗ ಒಪ್ಪಂಗಿಲ್ಲಂತ. ಗುರಣ್ಣ ಹೇಳಿದ್ರು."

"ಯಾವ ಮನ್ಯಾಗ?" ಎಂದಳು ಅವ್ವ.

ಅವಳು ರಫೀಕನನ್ನು ನೋಡಿದಳು, ಮಗನನ್ನು ನೋಡಿದಳು. ಏನೋ ತಪ್ಪು ಕೇಳಿಸಿದೆ, ಅದನ್ನು ಸರಿಮಾಡಿಕೊಳ್ಳಲು ಈಗ ಹೊತ್ತಿಲ್ಲ ಎನ್ನುವಂತೆ ತಲೆ ಕೊಡವಿ ಮಂಚ ಹತ್ತಿ ಮಲಗಿದಳು. ಅವಳ ಬಿಳಿ ತೋಳು, ಅದರ ಮೇಲಿನ ಹಸಿರು ನರ. ಸಿಸ್ಟರು ಬೆರಳು ಚುಚ್ಚಿದಳು, ಬಿ.ಪಿ. ನೋಡಿದಳು, ಅದೇ ದನಿಯಲ್ಲಿ ಅದೇ ಪ್ರಶ್ನೆ ಕೇಳಿದಳು, ಗುಳಿಗೆ ಔಷಧ ಏನಾದರೂ? ಇಲ್ಲವ್ವ, ನನಗ್ಯಾತರ ಔಷಧ ಎಂದಳು ಅವ್ವ. ಸುಳ್ಳು ಎಂದರೇನೆಂದು ಗೊತ್ತಿಲ್ಲದವಳು ಹೇಳಿದ ಸುಳ್ಳು. ಸೂಜಿಯ ಮುಚ್ಚಳ ತೆಗೆದ ಸದ್ದಾಯಿತು.

"ತಗೊಂಡಾರ" ಎಂದ ಗುರುಶಾಂತ. ದನಿ ಕೊಟ್ಟಿಗೆಯಲ್ಲಿ ಗದರುವಾಗಿನಷ್ಟು ಎತ್ತರಕ್ಕೆ ಹೋಯಿತು. "ಔಷಧ ತಗೊಂಡಾರ. ನಾನೂ ತಗೊಂಡೀನಿ. ಮೆಹರೀನನೂ ತಗೊಂಡಾಳ. ನಾನೇ ತಂದುಕೊಟ್ಟೀನಿ."

ಆಮೇಲೆ ಮಾತು ತಾನಾಗಿಯೇ ಬಂದಿತು. ಆಕಳು, ಜೀನು, ಹಾಲು, ಡಬ್ಬಿ, ಗಿಣ್ಣ. ಯಾವುದನ್ನು ಮೊದಲು ಹೇಳಿದ, ಯಾವುದನ್ನು ಆಮೇಲೆ ಹೇಳಿದ ಎಂದು ಅವನಿಗೇ ತಿಳಿಯಲಿಲ್ಲ. ರಕ್ತ ಯಾಕೆ ತಡ ಎಂದು ನೋಡಲು ಬಂದ ಡಾಕ್ಟರು ಪುಷ್ಪಲತಾ ಬಾಗಿಲಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಂಡರು. ಅವ್ವ ಮಲಗಿದಲ್ಲಿಂದ ಮೆಲ್ಲಗೆ ಎದ್ದು ಕೂತಳು. ತನ್ನ ಬಲಗೈಯನ್ನು, ಅದು ತನ್ನದೋ ಅಲ್ಲವೋ ಎಂಬಂತೆ, ಸೀರೆಗೆ ಒರೆಸಿಕೊಂಡಳು.

"ನನ್ನ ಕೈಲೆ ತಿನಿಸಿದೆಲ್ಲೋ" ಎಂದಳು.

ಡಾಕ್ಟರಿಗೆ ಅದಾವುದೂ ಬೇಕಿರಲಿಲ್ಲ. ಮಾಸು ಕೆಳಗೆ ಬಂದು ಕೂತಿದೆ ಎಂದು ಐದನೆಯ ತಿಂಗಳ ಸ್ಕ್ಯಾನಿಂಗಿನಲ್ಲೇ ಗೊತ್ತಿತ್ತು, ರಕ್ತ ಹೋಗುತ್ತಿರುವುದು ಅದರಿಂದ ಎಂದರು. ಗುರುಶಾಂತನ ಕಡೆ ತಿರುಗಿದಾಗ ಅವರ ಮುಖದಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ದಣಿವಿತ್ತು.

"ಬೇಯಿಸಿದ ಗಿಣ್ಣದಾಗ ಯಾವ ಔಷಧ ಉಳೀತೈತ್ರಿ? ಹೊಟ್ಟಿಗೆ ಹೋಗಿದ್ದು ಕರಗಂಗಿಲ್ಲೇನ್ರಿ? ಓದಿದವ್ರು ನೀವು. ಇದರ ಸಲುವಾಗಿ ಇಷ್ಟೊತ್ತು ಕಳದ್ರೇನು? ಅಲ್ಲಿ ಹುಡುಗಿ ಬೆಳ್ಳಗಾಗ್ಯಾಳ."

ಕರಗುತ್ತದೆ. ಬೆಳಿಗ್ಗೆಯಿಂದ ಅದನ್ನೇ ಅಲ್ಲವೇ ಹೇಳಿಕೊಂಡದ್ದು. ಗಿಣ್ಣ ಅವಳಿಗೆ ಏನೂ ಮಾಡಿರಲಿಲ್ಲ. ಹಮಾಲರ ಹಿಂದೆ ನಿಂತ ಸ್ಕೂಟರು, ಮಂಚದಿಂದ ಎದ್ದು ಕೂತದ್ದು, ಆ ಹೂಂ, ಕಿಟಕಿಯ ಹತ್ತಿರ ನಿಂತ ಹೊತ್ತು, ಏನಾದರೂ ಮಾಡಿದ್ದರೆ ಇವೇ ಮಾಡಿದ್ದವು. ಡಾಕ್ಟರು ಬೇಗ ಬೇಗ ಎನ್ನುತ್ತ ಹೊರಟುಹೋದರು. ಯಾರದು ತೆಗೆಯಲಿ ಎಂದು ಸಿಸ್ಟರು ಕೇಳಿದಳು. ಅವ್ವ ಮಂಚದಿಂದ ಇಳಿದು, ಮಗನ ಕೈಯಲ್ಲಿದ್ದ ಫ್ಲಾಸ್ಕನ್ನು ತೆಗೆದುಕೊಂಡಳು. ಅವನ ಮುಖ ನೋಡಲಿಲ್ಲ.

"ಮಲಗು" ಎಂದಳು.

ಅವನು ಮಲಗಿದ. ಸೂಜಿ ಒಳಗೆ ಹೋದಾಗ ನೋವಾಯಿತು, ಇನ್ನೂ ನೋವಾಗಲಿ ಅನ್ನಿಸಿತು. ನಳಿಕೆಯಲ್ಲಿ ರಕ್ತ ಕಪ್ಪಗೆ ಇಳಿಯತೊಡಗಿತು. ಎಲ್ಲರ ರಕ್ತದ ಹಾಗೆ ಇತ್ತು. ಮುಷ್ಟಿ ಬಿಗಿಹಿಡಿದು ಬಿಡ್ರಿ, ಬಿಗಿಹಿಡಿದು ಬಿಡ್ರಿ ಎಂದು ಸಿಸ್ಟರು ಹೇಳುತ್ತಿದ್ದಳು. ಅವನು ರಫೀಕನ ಕಡೆ ನೋಡಿದ. ಏನಾದರೂ ಅನ್ನಲಿ, ಲೇ ಎಂದು ಬೈಯಲಿ, ಬಹುವಚನವನ್ನಾದರೂ ಬಿಡಲಿ. ರಫೀಕ್ ಅವನನ್ನು ದಾಟಿ ಸಿಸ್ಟರನ್ನು ನೋಡಿ, ಇದು ತಂಗಿಗೆ ಹಾಕಾಕ ಎಷ್ಟು ಹೊತ್ತಾಗತೈತ್ರಿ ಎಂದು ಕೇಳಿದ. ಪರೀಕ್ಷೆ ಮಾಡಬೇಕಲ್ರಿ, ಹೊತ್ತು ಹಿಡೀತೈತಿ, ಆಗಲೇ ಕೊಟ್ಟಿದ್ರ ಇಷ್ಟೊತ್ತಿಗೆ ಆಗಿರೋದು ಎಂದಳು ಅವಳು. ಬಾಗಿಲು ತೆರೆದೇ ಇತ್ತು. ಹೊರಸಾಲೆಯಲ್ಲಿ ಅವ್ವ ಬಾನು ಬೀಯ ಮುಂದೆ ನಿಂತು ಏನೋ ಹೇಳುತ್ತಿದ್ದಳು, ಕೇಳಿಸುತ್ತಿರಲಿಲ್ಲ. ಬಾನು ಬೀ ತಲೆಯೆತ್ತಿ ಕೊನೆಯವರೆಗೂ ಕೇಳಿದಳು. ಆಮೇಲೆ ನೆಲ ನೋಡಿದಳು. ಕೊನೆಗೆ ಬೆಂಚಿನ ಮೇಲೆ ಸ್ವಲ್ಪ ಸರಿದು, ಅವ್ವನ ಸೆರಗು ಹಿಡಿದು ಎಳೆದು, ಪಕ್ಕದಲ್ಲಿ ಜಾಗ ತೋರಿಸಿದಳು. ಅವ್ವ ಕೂರಲಿಲ್ಲ.